ಚನ್ನಬಸವಯ್ಯನ ಕಣ್ಣು

ಶವ ಒಂದು ಕಡೆ ವಾಲುತ್ತಿತ್ತು. ಕುರ್ಚಿಯಲ್ಲಿ ಕೂರಿಸಿದ್ದ ಚನ್ನಬಸವಯ್ಯನ ಹೆಗಲನ್ನು ರವಿಶಂಕರ ಒತ್ತಿ ಹಿಡಿದ. ಯಾರೋ ತಲೆಗೆ ಬಟ್ಟೆ ಸುತ್ತಿ ಹಿಂದಿನ ಗೋಡೆಯ ಮೊಳೆಗೆ ಕಟ್ಟಿದರು.

"ನೀವೇನ್ರಿ ಮಡಕಶಿರಾದ ರವಿಶಂಕರ?" ಪಕ್ಕದ ಮನೆಯ ಉಜ್ಜಿನಮ್ಮ ಕೇಳಿದಳು. "ಅಯ್ಯನೋರು ದಿನಾ ನಿಮ್ಮ ಮಾತಾ ಆಡ್ತಿದ್ರು. ಒಳ್ಳೇ ಚಿತ್ರ ಸಿಕ್ಕರ ಮೊದಲು ರವಿಗೆ, ಆಮ್ಯಾಲ ಬೆಂಗಳೂರಿಗೆ ಅಂತ."

ಎಷ್ಟೋ ವರ್ಷ ಹಾಗೇ ನಡೆದಿತ್ತು. ರಾಯದುರ್ಗದ ಸುತ್ತ ಹಳ್ಳಿ ಹಳ್ಳಿ ತಿರುಗಿ ಹಳೇ ಚಿತ್ರ ಕೊಂಡು ಮಾರುವವನು ಚನ್ನಬಸವಯ್ಯ. ತನ್ನ ಜವಳಿ ಅಂಗಡಿಯ ಮೇಲಿನ ಕೋಣೆಯಲ್ಲಿ ಅವನ್ನು ಕೂಡಿಡುವವನು ರವಿಶಂಕರ.

*

ಹೋದ ವಾರ ಚನ್ನಬಸವಯ್ಯ ಅಂಗಡಿಗೆ ಬಂದಿದ್ದ. ಬಸ್ಸಿಳಿದವನು ನೀರನ್ನೂ ಕೇಳದೆ ಗಂಟು ಬಿಚ್ಚಿ ಹಾಳೆ ಹರವಿದ. ಕಣೇಕಲ್ಲಿನ ಕಡೆ ತೊಗಲುಗೊಂಬೆ ಮಾಡುತ್ತಿದ್ದ ಮನೆಯೊಂದರ ಹಿರಿಯರು, ತೊಗಲು ಕೊರೆಯುವ ಮುಂಚೆ ಕಾಗದದ ಮೇಲೆ ಬರೆದುಕೊಂಡ ಚಿತ್ರಗಳು. ಕೈ ಎತ್ತದೆ ಒಂದೇ ಗೆರೆಯಲ್ಲಿ ಇಳಿದಿತ್ತು ಸೀತೆಯ ಬೆನ್ನು.

"ಇಂಥಾವು ಇನ್ನ ಸಿಗಂಗಿಲ್ಲೋ ರವಿ. ನೀನಾ ಮೊದಲು ನೋಡಾಕತ್ತೀಯ."

ಅಸಲಿ ಎಂದು ರವಿಶಂಕರನಿಗೆ ನೋಡಿದ ಕೂಡಲೇ ಗೊತ್ತಾಯಿತು. ನಾಲಗೆ ಮಾತ್ರ ಅಂಗಡಿಯವನದು. ರೇಟು ಇಳಿಯಲಿ ಎಂದು, "ನಕಲಿ ಕಣಯ್ಯ. ಯಾರೋ ನಿಂಗೆ ಟೋಪಿ ಹಾಕವ್ರೆ," ಅಂದುಬಿಟ್ಟ.

ಜಗಳಕ್ಕೆ ಬರುತ್ತಾನೆ, ಆಮೇಲೆ ಚೌಕಾಸಿ ಮಾಡಬಹುದು ಎಂದುಕೊಂಡಿದ್ದ. ಚನ್ನಬಸವಯ್ಯ ಜಗಳಾಡಲಿಲ್ಲ. ಒಂದು ಹಾಳೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. "ನೀ ಹೇಳಿದ ಮ್ಯಾಲ ಮುಗೀತು. ನನ್ನ ಕಣ್ಣು ಹೋದ್ವು," ಎಂದು ಎದ್ದ.

ರವಿಶಂಕರ ಕೂಗಿ ಕರೆಯಲಿಲ್ಲ. ನಾಲ್ಕು ದಿನ ಬಿಟ್ಟು ತಾನೇ ಬರುತ್ತಾನೆ, ಬಿಡು ಅಂದುಕೊಂಡ.

*

ಮಣ್ಣು ಮಾಡಿ ಬಂದ ಮೇಲೆ ಚನ್ನಬಸವಯ್ಯನ ಹೆಂಡತಿ ಗುರುಶಾಂತಮ್ಮ ಅವನನ್ನು ಒಳಗೆ ಕರೆದಳು.

"ಅಣ್ಣಾರ, ಇವ್ರು ನಿಮ್ಮೂರಿಂದ ಬಂದವ್ರು ಊಟಾ ಮಾಡ್ಲಿಲ್ಲ. ಸೀದಾ ಬಚ್ಚಲಕ್ಕ ಹೋಗಿ ಗಂಟು ನೀರೊಲಿಗೆ ಹಾಕಿದ್ರು. ನಕಲಿ ಮಾರಿ ಹೆಸರು ಕೆಡಿಸ್ಕೊಳ್ಳಂಗಿಲ್ಲ ಅಂದ್ರು. ಆಮ್ಯಾಲ ಒಂದು ಚಿತ್ರಾನೂ ಮುಟ್ಟಲಿಲ್ಲ. ನಿನ್ನಿ ಕುಂತಲ್ಲೇ ಹೋದ್ರು." ಸೆರಗಿನಿಂದ ಮೂಗೊರೆಸಿಕೊಂಡಳು. "ಖರೇ ಹೇಳ್ರಿ. ಅವು ನಕಲೀನಾ ಅಲ್ರಿ?"

ಮಗಳು ಸುಮಾ ಬಾಗಿಲಿಗೆ ಬಂದು ನಿಂತಳು. ಇಬ್ಬರೂ ಅವನ ಬಾಯನ್ನೇ ನೋಡುತ್ತಿದ್ದರು.

"ಹೌದಕ್ಕ," ಅಂದ. "ನಕಲೀನೇ."

ಗುರುಶಾಂತಮ್ಮನ ಮುಖ ಸಡಿಲವಾಯಿತು. "ಹಂಗಾದ್ರ ಸುಟ್ಟಿದ್ದು ಚಲೋನಾ ಆತು ಬಿಡ್ರಿ." ಗೂಡಿನಲ್ಲಿದ್ದ ಗಂಡನ ಭೂತಗನ್ನಡಿ ತಂದು ಅವನ ಕೈಗಿಟ್ಟಳು. "ನಮಗ್ಯಾಕ ಇದು? ನೀವು ಗುರ್ತು ಹಿಡಿಯೋರು. ಇಟ್ಕೊಳ್ರಿ."

ರವಿಶಂಕರ ಅದನ್ನು ಹಿಡಿದು ಕೂತ. ಗಾಜಿನಡಿ ಅವನ ಹೆಬ್ಬೆರಳು ಊದಿಕೊಂಡಂತೆ ಕಾಣುತ್ತಿತ್ತು. ಉಗುರಿನ ಸಂದಿಯಲ್ಲಿ ಗುಂಡಿಯ ಕೆಂಪು ಮಣ್ಣು.