ಬೆನ್ನಿಗೆ ಹತ್ತಿದ ತಿಳಿಹಸಿರು

ನಾನು ಒಂದು ಬಕೆಟ್ ಡಿಸ್ಟೆಂಪರ್. ಗೋಡೆಗೆ ಹಚ್ಚುವ ಬಣ್ಣಗಳಲ್ಲೆಲ್ಲ ಅಗ್ಗದ ಜಾತಿ ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಹೇಳದಿದ್ದರೂ ಜನ ಹೇಳಿಯೇ ಹೇಳುತ್ತಾರೆ.

ಹುಬ್ಬಳ್ಳಿಯ ಹೊರಗಿನ ಒಂದು ತಗಡಿನ ಶೆಡ್ಡಿನಲ್ಲಿ ಹುಟ್ಟಿದೆ. ದೊಡ್ಡ ಹಂಡೆಯಂಥ ಯಂತ್ರದೊಳಗೆ ಸೀಮೆಸುಣ್ಣದ ಪುಡಿ, ಅಂಟು, ನೀರು, ಒಂದಿಷ್ಟು ಹಸಿರು ಬಿದ್ದು ಗರಗರ ತಿರುಗಿದವು. ಅಂಟು ಸುರಿಯುವವನ ಕೈ ಸ್ವಲ್ಪ ಬಿಗಿ ಇತ್ತು, ಸುಳ್ಳೇಕೆ ಹೇಳಲಿ. ಆದರೂ ಇರಬೇಕಾದಷ್ಟು ಇತ್ತು. ಮೊಸರಿನಷ್ಟು ಗಟ್ಟಿಯಾಗಿ ಬಿಳಿ ಪ್ಲಾಸ್ಟಿಕ್ ಬಕೆಟ್ಟಿಗೆ ಇಳಿದೆ. ಮುಚ್ಚಳ ಬಿತ್ತು.

ಗದಗಿನ ಒಂದು ಹಾರ್ಡ್‌ವೇರ್ ಅಂಗಡಿಗೆ ಬಂದೆ. ದುಬಾರಿ ಡಬ್ಬಿಗಳು ಮೇಲೆ ಕಪಾಟಿನಲ್ಲಿ, ಮೈಮೇಲೆ ಸೋಫಾದ ಚಿತ್ರ ಅಂಟಿಸಿಕೊಂಡು ಕುಳಿತಿದ್ದವು. ನನ್ನನ್ನು ಬಾಗಿಲ ಹತ್ತಿರ ನೆಲದ ಮೇಲಿಟ್ಟರು. ಬಂದವರು ನನ್ನ ಮೇಲೆ ಕಾಲಿಟ್ಟು ಚಪ್ಪಲಿ ಸರಿಮಾಡಿಕೊಳ್ಳುತ್ತಿದ್ದರು. ಯಾರಾದರೂ ನನ್ನ ಬಗ್ಗೆ ಕೇಳಿದರೆ ಅಂಗಡಿಯವನು, "ಇದಾ? ಬಾಡಿಗಿ ಮನಿಗೆ ಸಾಕ್ರಿ" ಅನ್ನುತ್ತಿದ್ದ. ಆ ಮಾತು ಕೇಳಿ ಮುಚ್ಚಳ ಹಾರಿಸಿಬಿಡುವಷ್ಟು ಸಿಟ್ಟು ಬರುತ್ತಿತ್ತು. ಬಾಡಿಗೆ ಮನೆಯವರಿಗೆ ಕಣ್ಣಿಲ್ಲವೇ? ಅವರು ಬೆಳಿಗ್ಗೆ ಎದ್ದು ನೋಡುವುದು ಗೋಡೆಯನ್ನಲ್ಲವೇ?

ಕೊನೆಗೆ ನನ್ನನ್ನು ಕೊಂಡವನು ದ್ಯಾಮಣ್ಣ. ಕಸುಬಿನಿಂದ ಪೇಂಟರ್. ಇಪ್ಪತ್ತು ವರ್ಷದಿಂದ ಒಬ್ಬ ಗುತ್ತಿಗೆದಾರನ ಕೈಕೆಳಗೆ ಊರವರ ಮನೆಗಳಿಗೆಲ್ಲ ಬಣ್ಣ ಹಚ್ಚಿದವನು. ಬೆಟಗೇರಿಯಲ್ಲಿದ್ದ ಅವನ ಎರಡು ಕೋಣೆಯ ಮನೆಗೆ ಮಾತ್ರ ಹಳೇ ಸುಣ್ಣವೇ ಗತಿ. ಮುಟ್ಟಿದರೆ ಪುಡಿಪುಡಿಯಾಗಿ ಉದುರುತ್ತಿತ್ತು.

ಹಾಗೆ ಉದುರಿದ್ದೇ ದೊಡ್ಡ ತೊಂದರೆ ತಂದಿತ್ತು. ಮಗಳು ಕಸ್ತೂರಿಯನ್ನು ಕೊಪ್ಪಳಕ್ಕೆ ಕೊಟ್ಟಿದ್ದರು. ಅವಳಿಗೀಗ ಚೊಚ್ಚಲ ಬಸಿರು. ಮೊದಲ ಹೆರಿಗೆ ತವರಿನಲ್ಲೇ ಆಗಬೇಕೆನ್ನುವುದು ರೂಢಿ. ಆದರೆ ಹೋದ ಸಲ ಬಂದಾಗ ಅವಳ ಅತ್ತೆ ಶಿವಗಂಗವ್ವನ ತಲೆಯ ಮೇಲೆ ಸುಣ್ಣದ ಹಕ್ಕಳೆ ಬಿದ್ದಿತ್ತು. ಆಕೆ ಅದನ್ನು ಚಿವುಟಿ ತೆಗೆದು, "ಈ ಗ್ವಾಡಿ ಬುಡಕ ಕೂಸು ಮಲಗಿಸಿದ್ರ ಕಣ್ಣಾಗ ಬೀಳ್ತತಿ. ಬಾಣಂತನ ನಮ್ಮಲ್ಲೇ ಆಗ್ಲಿ ಬಿಡ್ರಿ" ಅಂದುಬಿಟ್ಟಿದ್ದಳಂತೆ. ದ್ಯಾಮಣ್ಣನ ಹೆಂಡತಿ ನೀಲವ್ವನಿಗೆ ಅಂದಿನಿಂದ ಅನ್ನ ಸೇರುತ್ತಿರಲಿಲ್ಲ. ಇರುವವಳು ಒಬ್ಬಳೇ ಮಗಳು. ಅವಳ ಬಾಣಂತನಕ್ಕೆ ಅಂಟಿನುಂಡಿ ಕಟ್ಟಲೆಂದು ಅಳವಿ ಕಾಳು, ಒಣಕೊಬ್ಬರಿ, ತಿನ್ನುವ ಅಂಟು ಎಲ್ಲ ಕೂಡಿಸಿ ಡಬ್ಬಿ ತುಂಬಿಟ್ಟಿದ್ದಳು.

ನನ್ನನ್ನು ಹೊತ್ತು ತಂದ ಗಂಡನನ್ನು ನೋಡಿ ಆಕೆ, "ಮಂದಿ ಮನಿಗೆ ರೇಷ್ಮಿ, ನಮಗ ಗೋಣಿಚೀಲ ತಂದ್ರೇನು?" ಅಂದಳು.

"ಗೋಣಿಚೀಲ ಅಲ್ಲ, ಪಿಸ್ತಾ ಕಲರ್. ಹಚ್ಚಿದ ಮ್ಯಾಲ ಮಾತಾಡು" ಅಂದ ದ್ಯಾಮಣ್ಣ.

ನನ್ನ ಮುಚ್ಚಳ ತೆಗೆದ. ಅರ್ಧವನ್ನು ಇನ್ನೊಂದು ಬಕೆಟ್ಟಿಗೆ ಸುರಿದ. ಆಮೇಲೆ ತಂಬಿಗೆ ಎತ್ತಿಕೊಂಡ. ಒಂದು ತಂಬಿಗೆ ನೀರು, ಸರಿ. ಎರಡು, ಇರಲಿ. ಮೂರು, ನಾಲ್ಕು, ಐದು. ಹಳೇ ಬಕೆಟ್ಟಿನಲ್ಲಿ ಉಳಿದ ಅರ್ಧವಾಗಿ ನಾನು ಕುಳಿತು ನೋಡುತ್ತಲೇ ಇದ್ದೆ. ಮೊಸರಾಗಿದ್ದದ್ದು ನೀರುಮಜ್ಜಿಗೆಯಾಯಿತು.

"ನೀರು ಭಾಳ ಆಗ್ಲಿಲ್ಲೇನ್ರಿ?" ಅಂದಳು ನೀಲವ್ವ.

"ನನಗ ಕಲಿಸ್ತೀ? ಇಪ್ಪತ್ತು ವರ್ಷ ಆತು ಈ ಕೆಲಸಕ್ಕ ನಿಂತು."

ಅವನು ಮೋಸ ಮಾಡುತ್ತಿರಲಿಲ್ಲ. ತನ್ನ ಮನೆಗೆ ತಾನೇ ಯಾರಾದರೂ ಮೋಸ ಮಾಡಿಕೊಳ್ಳುತ್ತಾರೆಯೇ? 'ಇನ್ನೆರಡು ತಂಬಿಗಿ ಹೊಯ್ಯೋ, ಕೆರೀತ ಕುಂದರಬ್ಯಾಡ, ಸುಣ್ಣದ ಮ್ಯಾಲ ಎಳಿ' ಎಂದು ಗುತ್ತಿಗೆದಾರ ದಿನವೂ ಕೂಗಿ ಕೂಗಿ ಆ ಕೈಯನ್ನು ಪಳಗಿಸಿದ್ದ. ಮನೆ ಮಾಲೀಕ ಹಾಲೆಂದು ನಂಬಿರುತ್ತಾನೆ, ಗೋಡೆಗೆ ಸಿಗುವುದು ನೀರು. ಆಮೇಲೆ ಬಣ್ಣ ಕಿತ್ತು ಬಂದಾಗ ಬೈಗುಳ ಯಾರಿಗೆ? ನನಗೆ. ಅಗ್ಗದ್ದು ನೋಡಿ, ಅದಕ್ಕೇ ಹೀಗಾಯಿತು ಅನ್ನುತ್ತಾರೆ. ನೀರು ಹೊಯ್ಯಿಸಿದವನನ್ನು ಯಾರೂ ಕೇಳುವುದಿಲ್ಲ.

ಒಂದೇ ದಿನದಲ್ಲಿ ಮನೆಯೆಲ್ಲ ತಿಳಿಹಸಿರಾಯಿತು. ನೋಡಲಿಕ್ಕೇನೋ ಚೆಂದವಿತ್ತು. ನೀಲವ್ವ ಕೊಪ್ಪಳಕ್ಕೆ ಫೋನ್ ಮಾಡಿ, "ಬಂದು ನೋಡ್ರಿ ಬೀಗ್ತಿಯರ, ನಮ್ಮ ಮನಿ ಗುರ್ತ ಸಿಗೂದಿಲ್ಲ" ಅಂದಳು.

ಶಿವಗಂಗವ್ವ ಸೊಸೆಯನ್ನು ಕರೆದುಕೊಂಡು ಬಂದಳು. ಕೆಂಪು ಅಂಚಿನ ಕರೀ ಸೀರೆ ಉಟ್ಟಿದ್ದಳು. ಚಾಪೆ ಹಾಸಿದರು. ಆಕೆ ಉಸ್ಸೆಂದು ಕುಳಿತು ಗೋಡೆಗೆ ಬೆನ್ನು ಕೊಟ್ಟಳು. ದೂರದಿಂದ ಬಂದವರು ಮತ್ತೇನು ಮಾಡುತ್ತಾರೆ? ಅವಲಕ್ಕಿ ತಿಂದಳು, ಚಹಾ ಕುಡಿದಳು, ಎಡಕ್ಕೆ ಬಲಕ್ಕೆ ಒರಗಿ ಸುಖದುಃಖ ಮಾತಾಡಿದಳು. "ಛಲೋ ಆಗೇತಿ ಬಿಡ್ರಿ. ತಂಪ ಕಾಣ್ತತಿ" ಅಂದಳು. ನೀಲವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ದ್ಯಾಮಣ್ಣ ಮೀಸೆಯಡಿ ನಕ್ಕ.

ಆಕೆ ಎದ್ದು ತಿರುಗಿದಾಗ ಕರೀ ಸೀರೆಯ ಬೆನ್ನೆಲ್ಲ ಪಿಸ್ತಾ ಆಗಿತ್ತು.

ಎಲ್ಲರ ಕಣ್ಣೂ ಅಲ್ಲೇ ನೆಟ್ಟವು. ಶಿವಗಂಗವ್ವನಿಗೆ ಗೊತ್ತೇ ಆಗಿರಲಿಲ್ಲ. "ಯಾಕ, ಹಂಗ್ಯಾಕ ನೋಡಾಕತ್ತೀರಿ?" ಅಂದಳು.

ಕಸ್ತೂರಿಗೆ ನಗು ತಡೆಯಲಾಗಲಿಲ್ಲ. "ಅತ್ತೀ, ನಮ್ಮ ತವರಮನಿ ನಿಮ್ಮ ಬೆನ್ನು ಹತ್ತಿ ಕೊಪ್ಪಳಕ್ಕ ಹೊಂಟೈತಿ" ಅಂದವಳು, ತಾಯಿಯ ಮುಖ ನೋಡಿ ಬಾಯಿ ಮುಚ್ಚಿಕೊಂಡಳು.

ಶಿವಗಂಗವ್ವ ಸೀರೆ ಎಳೆದು ನೋಡಿಕೊಂಡಳು. ಅಂಗೈಯಿಂದ ಗೋಡೆ ತಿಕ್ಕಿದಳು. ಅಂಗೈ ಹಸಿರಾಯಿತು. "ಅಗ್ಗದ್ದು ಹಚ್ಚೀರೇನು?"

ಹೌದು ಅಂದುಬಿಡಬಹುದಿತ್ತು. ಎಲ್ಲ ನನ್ನ ಮೇಲೆ ಹಾಕಿ ಕೈತೊಳೆದುಕೊಳ್ಳಬಹುದಿತ್ತು. ದ್ಯಾಮಣ್ಣ ತನ್ನ ಬಲಗೈ ನೋಡಿಕೊಂಡ.

"ಅಗ್ಗದ್ದು ಖರೇ. ಆದ್ರ ತಪ್ಪು ಬಣ್ಣದ್ದಲ್ರಿ, ನನ್ನ ಕೈದು. ಗುತ್ತಿಗೆದಾರ ಹೇಳಿದಂಗ ಮಂದಿ ಗ್ವಾಡಿಗೆ ನೀರು ಬಳದು ಬಳದು ರೂಢಿ ಆಗೇತಿ. ನಮ್ಮ ಮನಿ ಅನ್ನೂದೂ ಮರೀತು."

"ಅವರ ಬೆನ್ನಿಗೂ ಹಿಂಗ ಹತ್ತತೇನು?"

"ಹತ್ತತೈತ್ರಿ" ಅಂದ ಅವನು, ತಲೆ ಎತ್ತದೆ.

ಶಿವಗಂಗವ್ವ ಸೆರಗು ಹೊದ್ದುಕೊಂಡು, ಸೊಸೆಯನ್ನೂ ಕರೆದುಕೊಂಡು ಬಾಗಿಲವರೆಗೆ ಹೋದಳು. ಅಲ್ಲಿ ನಿಂತು, "ಅಮಾಸಿ ಆದ ಮ್ಯಾಲ ಬಸರಿ ಸೊಸಿಗೆ ಉಡಿ ತುಂಬೋ ಕುಬಸ ಐತಿ. ಅದಕ್ಕಿಂತ ಮೊದ್ಲ ಇನ್ನೊಮ್ಮಿ ಬರ್ತೀನಿ. ಇದ ಸೀರಿ ಉಟ್ಕೊಂಡು ಬರ್ತೀನಿ" ಅಂದಳು.

ಮರುದಿನ ದ್ಯಾಮಣ್ಣ ಕೆಲಸಕ್ಕೆ ಹೋಗಲಿಲ್ಲ. ಒಳಕೋಣೆಯನ್ನು ಬರಿದು ಮಾಡಿ ತಗಡಿನ ಪಟ್ಟಿ ಹಿಡಿದು ನಿಂತ. ಹಸಿರು ಕೆರೆದ, ಅದರ ಕೆಳಗಿನ ಸುಣ್ಣ ಕೆರೆದ, ಅದರ ಕೆಳಗಿನ ಇನ್ನೊಂದು ಸುಣ್ಣವನ್ನೂ ಕೆರೆದ. ಮನೆಯ ಮೂಲ ಗಿಲಾವು ಕಾಣುವ ತನಕ ಬಿಡಲಿಲ್ಲ. ನೀಲವ್ವ ಮೂಗಿಗೆ ಸೆರಗು ಕಟ್ಟಿಕೊಂಡು ಗುಡಿಸಿ ಗುಡಿಸಿ ಹಾಕಿದಳು. ಗೋಡೆ ತೊಳೆದು ಮೂರು ದಿನ ಒಣಗಲು ಬಿಟ್ಟರು. ಬಿರುಕಿಗೆ ಪುಟ್ಟಿ ತುಂಬಿ, ತಿಕ್ಕಿ, ಪ್ರೈಮರ್ ಹಚ್ಚಿದರು. ಆಮೇಲೆ ನನ್ನ ಉಳಿದರ್ಧದ ಮುಂದೆ ದ್ಯಾಮಣ್ಣ ತಂಬಿಗೆ ಹಿಡಿದು ಕುಳಿತ. ಒಂದು ಹೊಯ್ದ. ಕೈ ತಾನಾಗಿಯೇ ಮತ್ತೆ ಕೊಡದ ಕಡೆ ಹೋಯಿತು. ನೀಲವ್ವ ಕೊಡ ಎತ್ತಿ ಹೊರಗಿಟ್ಟಳು.

ಎರಡು ಕೋಟು ಹಚ್ಚಿದ. ನನ್ನಂಥ ಅಗ್ಗದವನಿಗೆ ಅಂಥ ಗೋಡೆ ಸಿಕ್ಕಿತಲ್ಲ! ಹೀರಿಕೊಂಡು ಕುಳಿತುಬಿಟ್ಟೆ.

ಶಿವಗಂಗವ್ವ ಮಾತು ತಪ್ಪಲಿಲ್ಲ. ಅದೇ ಕರೀ ಸೀರೆ. ಚಾಪೆಯ ಮೇಲೆ ಕೂರಲೂ ಇಲ್ಲ. ನೇರ ಒಳಕೋಣೆಗೆ ಬಂದು ಗೋಡೆಗೆ ಬೆನ್ನು ಹಚ್ಚಿ, ಎಮ್ಮೆ ಮೈ ತಿಕ್ಕಿಕೊಳ್ಳುವ ಹಾಗೆ ಮೇಲೆ ಕೆಳಗೆ ಗಸಗಸ ತಿಕ್ಕಿದಳು. ತಿರುಗಿ ನಿಂತಳು. "ನೋಡ್ರಿ."

ನೀಲವ್ವ ದೀಪ ಹಿಡಿದು ನೋಡಿದಳು. ಸೀರೆ ಕರ್ರಗಿತ್ತು.

"ಕುಬಸ ಮುಗಿದಿಂದ ಕರ್ಕೊಂಡು ಹೋಗ್ರಿ ನಿಮ್ಮ ಮಗಳನ್ನ" ಅಂದಳು ಶಿವಗಂಗವ್ವ. "ಆ ಹೊರಗಿನ ಕೋಣೀನೂ ಕೆರೀರಿ. ನಾ ಕೂಸಿನ ನೋಡಾಕ ಬಂದ್ರ ಅಲ್ಲೇ ಕುಂದರಬೇಕು."

ಕಸ್ತೂರಿ ಬಂದಳು. ಗಂಡು ಕೂಸು ಹುಟ್ಟಿತು. ದ್ಯಾಮಣ್ಣ ಗುತ್ತಿಗೆದಾರನಿಗೆ, "ಇನ್ನ ಮ್ಯಾಲ ತಂಬಿಗಿ ನೀವ ಹಿಡ್ಕೊರಿ" ಅಂದು ಬಂದ. ಈಗ ಸ್ವಂತ ಕೆಲಸ ಹಿಡಿಯುತ್ತಾನೆ. ಅಗ್ಗದ ಬಣ್ಣ ಹಚ್ಚಬಹುದೇ ಎಂದು ಕೇಳಿದವರಿಗೆ, "ಮೊದ್ಲ ಗ್ವಾಡಿ ತೋರಸ್ರಿ" ಅನ್ನುತ್ತಾನೆ. ಸೋರುವ ಗೋಡೆ, ಹೊರಗೋಡೆ ಆದರೆ ನನ್ನನ್ನು ಬೇಡ ಅನ್ನುತ್ತಾನೆ. ಅದೂ ನಿಜ. ಮಳೆಯನ್ನು ತಡೆಯುವ ಶಕ್ತಿ ನನಗಿಲ್ಲ.

ಬರಿದಾದ ಬಕೆಟ್ಟು ಕೂಸಿನ ಬಟ್ಟೆ ನೆನೆಹಾಕಲು ಒಂದು ವರ್ಷ ದುಡಿಯಿತು. ತಳ ಸೀಳಿದ ಮೇಲೆ ಮಣ್ಣು ತುಂಬಿ ಕರಿಬೇವಿನ ಸಸಿ ನೆಟ್ಟರು. ಅದರ ಅಂಚಿಗೆ ಒಣಗಿ ಅಂಟಿಕೊಂಡು ಹಿತ್ತಲ ಬಾಗಿಲ ಪಕ್ಕ ನಾನೂ ಇದ್ದೇನೆ. ಬಾಗಿಲು ತೆರೆದಾಗ ಒಳಗೆ ಗೋಡೆಯ ಮೇಲಿರುವ ನನ್ನ ಉಳಿದ ಮೈ ಕಾಣುತ್ತದೆ.

ಆ ಕೂಸು ಈಗ ಹುಡುಗನಾಗಿದ್ದಾನೆ, ತಾಯಿಯ ಜೊತೆ ರಜೆಗೆ ಬರುತ್ತಾನೆ. ನೀಲವ್ವ ತಲೆತುಂಬ ಎಣ್ಣೆ ಹಚ್ಚಿ ಬಿಡುತ್ತಾಳೆ. ಅವನು ಹೋಗಿ ಗೋಡೆಗೆ ತಲೆಯಾನಿಸಿ ಕೂರುತ್ತಾನೆ. ಅವನ ಬೆನ್ನಿಗೆ ನಾನು ಹತ್ತುವುದಿಲ್ಲ. ಅವನ ತಲೆಯೆಣ್ಣೆಯೇ ನನಗೆ ಹತ್ತಿ, ಅಷ್ಟಗಲ ಒಂದು ಗುಂಡು ಕಲೆಯಾಗಿದೆ. ಹೋದ ದೀಪಾವಳಿಗೆ ಮನೆಗೆಲ್ಲ ಹೊಸ ಬಣ್ಣ ಹಚ್ಚುವಾಗ ದ್ಯಾಮಣ್ಣ ಮೊಮ್ಮಗನ ಆ ಕಲೆಯ ಹತ್ತಿರ ಬಂದು ಬ್ರಷ್ ನಿಲ್ಲಿಸಿದ. ಆ ಒಂದು ಗೋಡೆಯನ್ನು ಹಾಗೇ ಬಿಟ್ಟ.