ಕಣ್ಣಿಗೆ ಉಗುರಿನ ಅಂಟು

ಹ್ಯೂಸ್ಟನ್ನಿನ ಸಲೂನಿನ ಒಡತಿ ದಿಯೆಪ್, ಕೃತಕ ರೆಪ್ಪೆಗೂದಲಿನ ಅಂಟಿನ ಬಾಟಲಿಯಲ್ಲಿ ಕೃತಕ ಉಗುರು ಅಂಟಿಸುವ ಅಗ್ಗದ ಅಂಟು ತುಂಬಿಸಿಟ್ಟಳು. ಕೆಲಸದ ಹುಡುಗಿ ಥುಯ್ ಅದು ತಿಳಿಯದೆ ಗಿರಾಕಿ ಯೆಸೇನಿಯಾಳಿಗೆ ಅದರಿಂದಲೇ ರೆಪ್ಪೆಗೂದಲು ಅಂಟಿಸಿದಳು.

ಮರುದಿನ ಯೆಸೇನಿಯಾ ತಂಗಿಯ ಕೈ ಹಿಡಿದು ತಡವರಿಸುತ್ತ ಸಲೂನಿಗೆ ಬಂದಳು. ಕಣ್ಣೆರಡೂ ಊದಿ ಮುಚ್ಚಿಹೋಗಿದ್ದವು. ಥುಯ್ ಬಾಟಲಿಯನ್ನು ಮೂಸಿ ನೋಡಿ ದಿಯೆಪ್‌ಳತ್ತ ತಿರುಗಿದಳು.

“ಅಕ್ಕ, ಇದು ಉಗುರಿನ ಅಂಟು!”

“ಮೆಲ್ಲಗೆ ಮಾತಾಡೇ. ಅವಳ ಚರ್ಮಕ್ಕೇ ಒಗ್ಗಲಿಲ್ಲ ಅನ್ನು. ಸ್ವಲ್ಪ ಉರಿದ್ರೆ ಯಾರೂ ಸಾಯಲ್ಲ.”

“ಹಾಗಾದ್ರೆ ಮಲಗಿ, ನಿಮ್ಮ ಕಣ್ಣಿಗೂ ಹಚ್ತೀನಿ. ಕುರುಡಾದ್ರೆ ನಿಮ್ಮ ಚರ್ಮದ್ದೇ ತಪ್ಪು ಅಂತೀನಿ.”

“ನಾಲಿಗೆ ಉದ್ದ ಆಯ್ತು ನಿಂಗೆ! ಬಾಟಲಿ ಕೊಡಿಲ್ಲಿ, ಬಚ್ಚಲಿಗೆ ಸುರಿದು ಬರ್ತೀನಿ.”

ಥುಯ್ ಬಾಟಲಿಯನ್ನು ಯೆಸೇನಿಯಾಳ ಅಂಗೈಯಲ್ಲಿಟ್ಟು ಬೆರಳು ಮಡಚಿದಳು.

“ಕೊಡಲ್ಲ. ಇದು ಇವಳ ಜೊತೆ ಕಣ್ಣಿನ ಡಾಕ್ಟರ ಹತ್ರ ಹೋಗುತ್ತೆ.”