ಗಂಗವ್ವನ ಕೆಂಪು ಆನೆಗಳು

ಬಸಕ್ಕ ಗುಳೇದಗುಡ್ಡದಿಂದ ಒಮಾನ್ ದೇಶದ ನಿಜ್ವಾ ಊರಿನಲ್ಲಿದ್ದ ಮಗನ ಮನೆಗೆ ಬರುವಾಗ ಸೊಸೆಗೆಂದು ಒಂದು ಹಳೆಯ ಚಂದ್ರಕಾಳಿ ಸೀರೆ ತಂದಿದ್ದಳು. ಕಪ್ಪು ಸೆರಗಿನ ತುಂಬ ಕೆಂಪು ಕಸೂತಿ ಆನೆಗಳ ಸಾಲು. ಕೊನೆಯ ಆನೆಯ ಹಿಂಭಾಗವನ್ನು ಮಾತ್ರ ಹುಳ ತಿಂದಿತ್ತು.

ನಿಜ್ವಾದ ವಿಶ್ವವಿದ್ಯಾಲಯದಲ್ಲಿ ಹಳೆಯ ಉಡುಪುಗಳ ಪ್ರಾಣಿಚಿತ್ತಾರದ ಪ್ರದರ್ಶನ ಏರ್ಪಟ್ಟಾಗ ಸೊಸೆ ಪ್ರತಿಮಾ ಆ ಸೀರೆಯನ್ನು ಒಯ್ದಳು. ಪ್ರದರ್ಶನ ನಡೆಸುತ್ತಿದ್ದ ಮಂಗಳೂರಿನ ಇಸಾಬೆಲ್ಲಾ ಹರಿದ ಜಾಗ ನೋಡಿ, "ಇಷ್ಟು ಒಳಗೆ ಮಡಚಿಡುವ. ಯಾರಿಗೂ ಕಾಣ್ಲಿಕ್ಕಿಲ್ಲ" ಎಂದಳು.

"ಮಡಚೂದು ಬ್ಯಾಡ್ರಿ. ಬಾಜೂಕ ಬ್ಯಾರೆ ಅರಿವಿ ಮ್ಯಾಲ ಒಂದು ಆನಿ ಹಾಕಿ ಇಡ್ತೇನಿ. ಪೂರ್ತಿ ಇದ್ದಾಗ ಹೆಂಗಿತ್ತಂತ ಮಂದಿಗೆ ತಿಳೀಲಿ."

ಪ್ರತಿಮಾ ಹೇಳುವುದೇನೋ ಹೇಳಿಬಿಟ್ಟಳು. ಆದರೆ ಅಂಗಡಿಯ ಕೆಂಪು ರೇಷ್ಮೆ ದಾರ ಹಳೆಯ ಬಣ್ಣದ ಪಕ್ಕದಲ್ಲಿ ಕಣ್ಣು ಚುಚ್ಚುತ್ತಿತ್ತು. ಕೊನೆಗೆ ನಿಜ್ವಾದ ಹಳೆಯ ಪೇಟೆ ಸೂಕ್‌ನಲ್ಲಿ ಕೆಂಪು ಬಣ್ಣ ಬಿಡುವ ಮಂಜಿಷ್ಠದ ಬೇರು ಸಿಕ್ಕಿತು. ಇಲ್ಲಿಯವರು ಅದನ್ನು ಫುವ್ವಾ ಎನ್ನುತ್ತಾರೆ. ಬಿಳಿ ದಾರವನ್ನು ಪಟಿಕದ ನೀರಿನಲ್ಲಿ ನೆನೆಸಿ, ಬೇರಿನ ಜೊತೆ ಕುದಿಸಿದಳು. ದಾರ ಇಟ್ಟಿಗೆಯಂತೆ ಕಂದು ಬಣ್ಣಕ್ಕೆ ತಿರುಗಿತು.

"ಖರೇ ಆನಿನೂ ಕೆಂಪಗ ಇರೂದಿಲ್ಲ ಬಿಡು" ಎಂದ ಗಂಡ ಶಿವಪ್ರಕಾಶ. ಬಸಕ್ಕ ನಕ್ಕಳು, ಪ್ರತಿಮಾ ನಗಲಿಲ್ಲ. ಮರುದಿನ ಆಸ್ಪತ್ರೆಯ ಲ್ಯಾಬಿನ ಕೆಲಸ ಮುಗಿಸಿ ಬಂದವಳೇ ಮತ್ತೆ ಪಾತ್ರೆ ಇಟ್ಟಳು. ಈ ಸಲ ಕುದಿ ಬರಗೊಡದೆ ಸಣ್ಣ ಉರಿಯಲ್ಲೇ ಕಾದಳು. ಒಣಗಿದ ದಾರವನ್ನು ಸೆರಗಿನ ಮೇಲಿಟ್ಟಾಗ ಎರಡು ಕೆಂಪೂ ಒಂದಾದವು.

ಅತ್ತೆಯಿಂದ ಕಲಿತಂತೆ ಬಟ್ಟೆಯ ಎಳೆ ಎಣಿಸಿ, ಎಲ್ಲಿಯೂ ಗಂಟು ಹಾಕದೆ, ಒಳಗೂ ಹೊರಗೂ ಒಂದೇ ರೂಪ ಬರುವಂತೆ ಹೊಲಿದಳು. ಸೊಂಡಿಲು ಸೊಟ್ಟಾದಾಗ ಬಿಚ್ಚಿ ಮತ್ತೆ ಹಾಕಿದಳು.

ಪ್ರದರ್ಶನದ ದಿನ ಸೀರೆಯ ಕೆಳಗಿನ ಚೀಟಿಯನ್ನು ಅತ್ತೆಗೆ ಓದಿ ಹೇಳಿದಳು: "ಹತ್ತೊಂಬತ್ತನೇ ಶತಮಾನ. ಕಸೂತಿ ಹಾಕಿದವರು ತಿಳಿದಿಲ್ಲ."

"ತಿಳಿದಿಲ್ಲ ಅಂದ್ರ?" ಬಸಕ್ಕ ಇಸಾಬೆಲ್ಲಾಳತ್ತ ತಿರುಗಿದಳು. "ಇದನ್ನ ಹಾಕಿದಾಕಿ ನಮ್ಮಜ್ಜಿ ಅವ್ವ, ಗಂಗವ್ವ. ತನ್ನ ಮದುವಿಗೆ ತಾನ ಹಾಕ್ಕೊಂಡಾಳ. ಆಕಿ ಕಡಿಂದ ನಮ್ಮಜ್ಜಿ ಕಲ್ತಳು, ಅಜ್ಜಿ ಕಡಿಂದ ನಾ."

"ನಾನು ಕೇಳ್ಬೇಕಿತ್ತು ಅಮ್ಮ, ತಪ್ಪಾಯ್ತು." ಇಸಾಬೆಲ್ಲಾ ಅಲ್ಲಿಯೇ ಹೊಸ ಚೀಟಿ ಬರೆದಳು.

"ಹೊಸಾ ಆನಿ ಹಾಕಿದಾಕಿ ಹೆಸರೂ ಬರೀರಿ" ಎಂದಳು ಬಸಕ್ಕ.

"ಹಾಕಿದ್ದು ಬರೇ ಒಂದ ಆನಿ ಅತ್ತಿ, ಅದಕ್ಯಾಕ?" ಪ್ರತಿಮಾ ಸಂಕೋಚಪಟ್ಟಳು.

"ಗಂಗವ್ವನೂ ಹಂಗ ಅಂದಿರಬೇಕು. ಸುಮ್ನಿರು."

ಪ್ರತಿಮಾಳ ಹೆಸರೂ ಗಂಗವ್ವನ ಪಕ್ಕದಲ್ಲಿ ಬಂತು. ಅಷ್ಟರಲ್ಲಿ ಇಬ್ಬರು ಒಮಾನಿ ಹೆಂಗಸರು ಬಂದು, ಹೊಸ ಆನೆಯನ್ನು ಬಗ್ಗಿ ನೋಡಿ, ಅರಬ್ಬಿಯಲ್ಲಿ ಏನೋ ಕೇಳಿದರು. ಬಸಕ್ಕನಿಗೆ ಆ ಭಾಷೆ ಬಾರದು. ಆದರೂ ಪ್ರಶ್ನೆ ತಿಳಿಯಿತು. ಸೊಸೆಯ ಹೆಗಲ ಮೇಲೆ ಕೈಯಿಟ್ಟು ಇಡೀ ಕೋಣೆಗೆ ಕೇಳುವಂತೆ ಹೇಳಿದಳು:

"ನನ್ನ ಸೊಸಿ."